ಎಡೆಯ ಸಾರಿಗೆ ಬಿದ್ದ ಎರಡನೇ ಉಪ್ಪು

ಅವತ್ತು ಒಬ್ಬಟ್ಟಿನ ಸಾರಿಗೆ ಎರಡನೇ ಸಲ ಉಪ್ಪು ಹಾಕಿದವಳು ನಾನು. ನಮ್ಮತ್ತೆ ಸಿದ್ದಗಂಗಮ್ಮನವರಲ್ಲ. ಅವರ ಕೈ ತಪ್ಪಿರಲಿಲ್ಲ, ತಲೆ ಮರೆತಿರಲಿಲ್ಲ. ಅವರು ನೇರವಾಗಿ ನನ್ನ ಮುಖ ನೋಡಿ, ನೀನು ಹಾಕಿದೆಯಾ ಎಂದು ಕೇಳಿದಾಗ “ಇಲ್ಲ” ಅಂದೆ. ಆ “ಇಲ್ಲ”ವನ್ನು ಹೊಟ್ಟೆಯೊಳಗಿಟ್ಟುಕೊಂಡೇ ಇಷ್ಟು ವರ್ಷ ಅದೇ ಅಡುಗೆಮನೆಯಲ್ಲಿ ಬೇಯಿಸಿದೆ, ಬಡಿಸಿದೆ, ಹೊಗಳಿಸಿಕೊಂಡೆ.

ಒಂದು ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ಇಷ್ಟೊಂದು ಪುರಾಣವೇ ಎಂದು ನೀವು ಕೇಳಬಹುದು. ಕೇಳಿ. ನಾನೂ ನನಗೆ ಹಾಗೇ ಹೇಳಿಕೊಂಡು ಬಂದವಳು — ಅಯ್ಯೋ, ಸಾರು ತಾನೇ, ಯಾರ ಪ್ರಾಣ ಹೋಯಿತು ಅಂತ. ಹೋಗಿದ್ದು ಪ್ರಾಣವಲ್ಲ, ಸರಿ. ಏನು ಹೋಯಿತು ಅಂತ ಹೇಳುತ್ತೇನೆ.

ನಮ್ಮದು ತುಮಕೂರಿನ ಸದಾಶಿವನಗರದ ಮನೆ. ಅತ್ತೆ ಗುಬ್ಬಿಯವರು, ನಾನು ಕುಣಿಗಲ್‌ನವಳು. ಮಾವ ಬಸ್ ಕಂಡಕ್ಟರ್ ಆಗಿದ್ದವರು. ಬಾಯಿ ತುಂಬ ಮಾತು, ಊಟಕ್ಕೆ ಕೂತರೆ ಮಾತ್ರ ಮೌನ. ಹಬ್ಬದ ದಿನ ಅವರಿಗೆ ಒಬ್ಬಟ್ಟು ಬೇಕಿರಲಿಲ್ಲ, ಒಬ್ಬಟ್ಟಿನ ಸಾರು ಬೇಕಿತ್ತು. ಹೂರಣಕ್ಕೆಂದು ಬೇಯಿಸಿದ ತೊಗರಿಬೇಳೆಯ ಕಟ್ಟು ಬಸಿದು, ಅದಕ್ಕೆ ಒಂದಿಷ್ಟು ಹೂರಣ ಕದಡಿ, ಹುಣಸೆಹುಳಿ ಹಿಂಡಿ, ಹುರಿದು ಕುಟ್ಟಿದ ಪುಡಿ ಹಾಕಿ ಅತ್ತೆ ಕುದಿಸುತ್ತಿದ್ದ ಆ ಸಾರನ್ನು ಮಾವ ಮೊದಲು ದೊನ್ನೆಯಲ್ಲಿ ಹಾಗೇ ಕುಡಿಯುತ್ತಿದ್ದರು. ಆಮೇಲೆ ಅನ್ನ.

ಅತ್ತೆಯದೊಂದು ನೇಮವಿತ್ತು. ಉಪ್ಪು ಹಾಕುವುದು ಒಂದೇ ಕೈ. ಅದು ಅವರ ಕೈ. ನಾನು ರುಬ್ಬಬಹುದು, ಹೂರಣ ಅರೆಯಬಹುದು, ಒಬ್ಬಟ್ಟು ತಟ್ಟಿ ಬೇಯಿಸಬಹುದು. ಉಪ್ಪಿನ ಜಾಡಿ ಮಾತ್ರ ಮುಟ್ಟುವಂತಿಲ್ಲ. “ಇಬ್ಬರ ಕೈ ಬಿದ್ರೆ ಯಾರ್ ಹಾಕುದ್ರು, ಯಾರ್ ಬುಟ್ರು ಅಂತ ಗೊತ್ತಾಗಲ್ಲ ಕಣೇ” ಅನ್ನುತ್ತಿದ್ದರು. ಎಷ್ಟು ಸರಿಯಾದ ಮಾತು! ಆಗ ನನಗೆ ಅದು ಅಧಿಕಾರ ಅನ್ನಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಸಾರನ್ನು ನೆಂಟರೆದುರು ರುಚಿ ನೋಡಿ, “ಪರ್ವಾಗಿಲ್ಲ, ಕುಣಿಗಲ್ ಸಾರು ಇದು, ಸ್ವಲ್ಪ ಗುಬ್ಬಿ ಪುಡಿ ಬೀಳ್ಬೇಕು” ಎಂದು ನಕ್ಕು ತಮ್ಮ ಡಬ್ಬಿಯಿಂದ ಎರಡು ಚಮಚ ಉದುರಿಸಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕವಳು ಮರೆಯಬೇಕಿತ್ತು — ಮರೆಯಲಿಲ್ಲ. ಒಳಗೇ ಹೊಗೆಯಾಡುತ್ತಿತ್ತು.

ಹಾಗಂತ ಅತ್ತೆಯನ್ನು ಕೆಟ್ಟವರು ಮಾಡಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ನನ್ನ ತಾಯಿಗೆ ಮೈ ಸರಿಯಿಲ್ಲದಾಗ ನನ್ನ ಬಾಣಂತನ ಮಾಡಿದವರು ಇವರೇ. ಮೈಗೆ ಎಣ್ಣೆ ತಿಕ್ಕಿ ನೀರು ಹಾಕಿ, ಬೆಳ್ಳುಳ್ಳಿ ಸಾರನ್ನು ಬಿಸಿ ಅನ್ನಕ್ಕೆ ಕಲಸಿ ತುತ್ತು ಮಾಡಿ ಬಾಯಿಗಿಟ್ಟವರು. ಆ ಕೈಗೇ ನಾನು —

ಮಾವ ತೀರಿಕೊಂಡು ವರ್ಷದ ತಿಥಿ ಮುಗಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಅದು. ಅವರನ್ನು ಹಿರಿಯರ ಸಾಲಿಗೆ ಸೇರಿಸಿ ಇಡುವ ಮೊದಲ ಎಡೆ. ನಮ್ಮ ಕಡೆ ಎಡೆಯ ಅಡುಗೆಯನ್ನು ರುಚಿ ನೋಡುವಂತಿಲ್ಲ. ನಾಲಿಗೆಗೆ ತಾಗಿದರೆ ಎಂಜಲು; ಹಿರಿಯರು ಉಂಡ ಮೇಲೆಯೇ ನಾವು. ಎಲ್ಲವೂ ಕೈಯಳತೆ, ಕಣ್ಣಂದಾಜು. ಅದರಲ್ಲಿ ಅತ್ತೆ ಎತ್ತಿದ ಕೈ. ಗುಬ್ಬಿಯ ಚಿಕ್ಕತ್ತೆ — ಮಾವನ ತಮ್ಮನ ಹೆಂಡತಿ — ಬಂದಾಗಲೆಲ್ಲ ಹೇಳುತ್ತಿದ್ದರು, “ನಮ್ಮಕ್ಕನ ಕೈಯಾಗೆ ತಕ್ಕಡಿ ಐತೆ ಕಣವ್ವ” ಅಂತ.

ಆ ದಿನ ಅತ್ತೆ ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಸಾರು ಕುದಿಯುತ್ತಿತ್ತು, ನಾನು ವಡೆ ಕರಿಯುತ್ತಿದ್ದೆ. ಎಡೆಯ ಮುಂದೆ ಇಡುವ ಪಂಚೆ ಯಾವುದು ಎಂದು ಚಿಕ್ಕತ್ತೆ ಹಾಲ್‌ನಿಂದ ಕೂಗಿದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹೋದರು.

ನಾನು ಸಾರಿನ ಪಾತ್ರೆ ನೋಡಿದೆ. ಉಪ್ಪು ಹಾಕಿದರೋ ಇಲ್ಲವೋ ಅನ್ನಿಸಿತು. ಮರೆತಿದ್ದಾರೆ ಅಂದುಕೊಂಡೆ — ಇದು ನಾನು ನನಗೆ ಎಷ್ಟೋ ವರ್ಷ ಹೇಳಿಕೊಂಡ ಮಾತು. ಆದರೆ ಹಾಲ್ ಎಷ್ಟು ದೂರ? “ಅತ್ತೆ, ಉಪ್ಪು ಹಾಕಿದ್ರಾ?” ಎಂದು ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಕೇಳಿದರೆ ಹಾಕಿದೀನಿ ಅಂದುಬಿಡುತ್ತಾರೆ, ಈ ಸಾರೂ ಪೂರ್ತಿ ಅವರದೇ ಆಗಿಬಿಡುತ್ತದೆ. ಒಂದು ಹಿಡಿಯಷ್ಟಾದರೂ ನನ್ನದಿರಲಿ — ಇಂಥದ್ದೊಂದು ಪಾಪಿ ಯೋಚನೆ. ಜಾಡಿಯ ಮುಚ್ಚಳ ಓರೆಯಾಗಿತ್ತು. ಅಂದರೆ ಆಗತಾನೆ ಯಾರೋ ತೆಗೆದಿದ್ದಾರೆ. ಅದನ್ನು ನೋಡಿದೆನೋ, ನೋಡಿಯೂ ನೋಡದಂತಿದ್ದೆನೋ... ನೋಡಿದೆ. ಇವತ್ತು ಬರೆಯಲು ಕೂತ ಮೇಲೆ ಇನ್ನೇನು ಮುಚ್ಚುಮರೆ, ನೋಡಿದೆ. ಕಲ್ಲುಪ್ಪು ಒಂದು ಹಿಡಿ ತೆಗೆದು ಹಾಕಿದೆ, ತಿರುವಿದೆ, ಜಾಡಿಯ ಮುಚ್ಚಳ ಭದ್ರವಾಗಿ ಮುಚ್ಚಿದೆ. ಸಹಾಯ ಮಾಡುವವರು ಮುಚ್ಚಳವನ್ನು ಅಷ್ಟು ಜೋಪಾನವಾಗಿ ಮುಚ್ಚುತ್ತಾರೆಯೇ?

ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ನಾಚದೆ ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ನಾವೆಲ್ಲ ವರಾಂಡದಲ್ಲಿ ಕೂತೆವು. ಅತ್ತೆ ಬಾಗಿಲಿಗೆ ಒರಗಿಕೊಂಡೇ ಕೂತಿದ್ದರು. “ಮೊದ್ಲು ಸಾರ್ಗೇ ಕೈ ಹಾಕ್ತಾರೆ ನೋಡ್ತಿರು” ಎಂದು ಮೆಲ್ಲಗೆ ನಕ್ಕರು. ವರ್ಷದಿಂದ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಪಂಕ್ತಿ ಕೂತಿತು. ಮೊದಲ ತುತ್ತಿಗೇ ಎಲ್ಲರ ಬಾಯಿ ನಿಂತಿತು. ಬಾಯಿಗಿಡಲಾಗದಷ್ಟು ಉಪ್ಪು. ಕೊನೆಗೆ ಚಿಕ್ಕತ್ತೆಯೇ, “ಹೋಗ್ಲಿ ಬುಡಕ್ಕ, ವಯಸ್ಸಾಯ್ತು, ಎರಡ್ ಸಲ ಹಾಕ್ಬುಟ್ಟಿದೀಯ” ಅಂದರು. ಸಮಾಧಾನಕ್ಕೇ ಅಂದಿದ್ದು. ಅತ್ತೆ ನನ್ನ ಕಡೆ ತಿರುಗಿದರು.

“ನೀನೇನಾರ ಹಾಕಿದ್ಯೇನೇ?”

“ಇಲ್ಲ ಅತ್ತೆ.”

ಅಷ್ಟೇ. ನಾಲಿಗೆ ತಡವರಿಸಲೂ ಇಲ್ಲ. ಅತ್ತೆ ನಂಬಿದರು — ಅದೇ ನನ್ನನ್ನು ಇವತ್ತಿಗೂ ಸುಡುವುದು. ಒಂದು ಮಾತು ಹೆಚ್ಚು ಕೇಳಲಿಲ್ಲ. ಎದ್ದು ಹೋಗಿ ಮಾವನ ಫೋಟೋದ ಮುಂದಿನ ಎಡೆಯ ದೊನ್ನೆಯಲ್ಲಿ ಬೆರಳದ್ದಿ ನಾಲಿಗೆಗಿಟ್ಟುಕೊಂಡರು. “ಇದ್ನ ಇಕ್ಕಿದ್ನಲ್ಲಪ್ಪಾ ಅವ್ರಿಗೆ... ವರ್ಷ ಕಾದು ಬಂದೋರ್ಗೆ ಉಪ್ಪುನೀರು ಇಕ್ಕಿ ಕಳಿಸ್ಬುಟ್ನಲ್ಲಪ್ಪಾ” ಅಂದರು. ಅತ್ತಿದ್ದರೆ ಎದ್ದು ಹಿಡಿದುಕೊಳ್ಳಬಹುದಿತ್ತು. ಅಳಲೂ ಇಲ್ಲ. ಆಗಲಾದರೂ ಹೇಳಬೇಕಿತ್ತು. ಪಂಕ್ತಿಯಲ್ಲಿ ಹತ್ತಾರು ಜನ, ನನ್ನ ಗಂಡ, ಗಂಡನ ಕಡೆಯವರು — ಮಾನ ಹೋಗುತ್ತದಲ್ಲ ಎಂದು ಬಾಯಿ ಬಿಗಿಹಿಡಿದೆ. ನನ್ನ ಮಾನ ಉಳಿಯಿತು.

ಮರುದಿನ ಬೆಳಗ್ಗೆ ಅತ್ತೆ ಅಡುಗೆಮನೆಗೆ ಬರಲಿಲ್ಲ. ಹೊರಗಿನಿಂದಲೇ, “ಇನ್ಮೇಲೆ ನೀನೇ ನೋಡ್ಕೊಳ್ಳೇ, ನನ್ನ ಕೈ ನಂಬಂಗಿಲ್ಲ” ಅಂದರು. ನನಗೆ ಸಂತೋಷವಾಯಿತು. ಹೌದು, ಆಯಿತು. ಉಪ್ಪಿನ ಜಾಡಿ ನನ್ನದಾಯಿತು, ಒಲೆ ನನ್ನದಾಯಿತು. ಆ ದೀಪಾವಳಿಗೆ ಕಜ್ಜಾಯದ ಪಾಕ ನಾನೇ ಹಿಡಿದೆ, ಚೆನ್ನಾಗಿ ಬಂತು. “ಅತ್ತೆ ಕೈ ನಿನಗೇ ಬಂದದೆ ಬುಡು” ಎಂದು ನೆಂಟರು ಹೊಗಳಿದರೆ ಅತ್ತೆ ಸೊಪ್ಪು ಬಿಡಿಸುತ್ತಾ ತಲೆಯಾಡಿಸಿದರು.

ಒಂದು ಸಾರಿನ ಅನುಮಾನ ಅಲ್ಲಿಗೇ ನಿಲ್ಲಲಿಲ್ಲ. ಗ್ಯಾಸ್ ಆರಿಸಿದೆನಾ ಎಂದು ಮೂರು ಮೂರು ಸಲ ಬಂದು ನೋಡತೊಡಗಿದರು. ಮಾತ್ರೆ ನುಂಗಿದೆನಾ ಎಂದು ನನ್ನನ್ನು ಕೇಳುತ್ತಿದ್ದರು. ಗುಬ್ಬಿಗೆ ಒಬ್ಬರೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದವರು ನಿಲ್ಲಿಸಿದರು. ಬೀದಿಯ ಹೆಂಗಸರೆಲ್ಲ ಸೇರಿ ದೇವರಾಯನದುರ್ಗಕ್ಕೆ ಹೊರಟಾಗ, “ಎಲ್ಲಾದ್ರೂ ದಾರಿ ತಪ್ಪಿದ್ರೆ ನಿಮ್ಗೂ ತಾಪತ್ರಯ” ಎಂದು ಉಳಿದರು. ನಮ್ಮ ಯಜಮಾನರು ಗಾಬರಿಯಾಗಿ ಬಟವಾಡಿಯ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ನಾನೂ ಹೋದೆ. ಯಾವಾಗ ಶುರುವಾಯಿತು ಎಂದು ಡಾಕ್ಟರ್ ಕೇಳಿದರೆ ಇವರು ಎಡೆಯ ಸಾರಿನ ಕಥೆ ಹೇಳಿದರು. ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಎರಡನೇ ಸಲ ಸುಳ್ಳು ಹೇಳಲು ಬಾಯಿಯೂ ಬೇಕಾಗಲಿಲ್ಲ.

ಡಾಕ್ಟರ್ ಏನೇನೋ ಕೇಳಿದರು, ಅತ್ತೆ ಎಲ್ಲಕ್ಕೂ ಸರಿಯಾಗಿಯೇ ಹೇಳಿದರು. ನೆನಪು ಚೆನ್ನಾಗಿದೆ, ಚಿಂತೆ ಬಿಡಿ ಎಂದು ಕಳಿಸಿದರು. ಆಟೋದಲ್ಲಿ ವಾಪಸ್ ಬರುವಾಗ ಅತ್ತೆ, “ಡಾಕ್ಟರ್‌ಗೇನ್ ಗೊತ್ತು. ಹಾಕಿದ ಉಪ್ಪೇ ಮರ್ತೋಳು ನಾನು” ಅಂದರು. ಅವರ ಪಕ್ಕದಲ್ಲೇ, ತೋಳಿಗೆ ತೋಳು ತಾಗುವಂತೆ ಕೂತಿದ್ದೆ. ಸದಾಶಿವನಗರ ಬರುವವರೆಗೂ ರಸ್ತೆ ನೋಡಿದೆ.

ಹೀಗೇ ವರ್ಷಗಳು ಹೋದವು. ಈ ವರ್ಷ ಹಿರಿಯರ ಹಬ್ಬಕ್ಕೆ ಇನ್ನೂ ದಿನವಿರುವಾಗ ನನ್ನ ಮಗಳ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ಅತ್ತೆ ಅವಳಿಗೆ ಎಳ್ಳು ಚಿಗಳಿ ಮಾಡುವುದು ಹೇಗೆಂದು ಹೇಳುತ್ತಿದ್ದರು — ಎಳ್ಳು ಎಷ್ಟು ಹುರಿಯಬೇಕು, ಬೆಲ್ಲ ಎಷ್ಟು, ಒಂದೂ ತಪ್ಪಿಲ್ಲ. ನನ್ನ ಮಗಳು ನಗುತ್ತಾ, “ಅಜ್ಜಿ ಹೇಳಿದ್ದು ಬರ್ಕೊಬೇಡ ಕಣೇ, ಅವ್ರಿಗೆ ಮರೆವು. ಅಮ್ಮನ್ನ ಕೇಳು” ಅಂದಳು. ಅತ್ತೆ ತಕ್ಷಣ ಮಾತು ನಿಲ್ಲಿಸಿದರು. “ಹೂಂ ಕಣವ್ವ, ನಂಗೆ ಮರ್ತೋಗ್ತದೆ” ಎಂದು ಎದ್ದು ಹಿತ್ತಲಿಗೆ ಹೋದರು.

ಮಗಳನ್ನು ಬೈಯಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ಹಿತ್ತಲಿಗೆ ಹೋಗಿ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಮುಚ್ಚಳದ ಮಾತನ್ನೂ ಬಿಡಲಿಲ್ಲ.

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅತ್ತೆ ತುಂಬಾ ಹೊತ್ತು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು, “ಹಂಗಾರೆ ನಾನ್ ಹಾಕಿದ್ದು ಸರಿಯಾಗೇ ಇತ್ತಾ?”

“ಇತ್ತು ಅತ್ತೆ.”

“ಅವ್ರಿಗೆ ಉಪ್ಪುನೀರು ಇಕ್ಕಿದ್ದು ನಾನಲ್ಲ.”

“ನೀವಲ್ಲ.”

ಕಾಲು ಹಿಡಿಯಲು ಬಾಗಿದೆ. ಹಿಂದಕ್ಕೆ ಎಳೆದುಕೊಂಡರು. “ನನ್ನ ತಾವ ಹೇಳುದ್ರೆ ಏನ್ ಬಂತೇ? ಅವತ್ತು ಎಲೆ ಮುಂದೆ ಕೂತಿದ್ರಲ್ಲ, ಅವ್ರ ಮುಂದೆ ಹೇಳು” ಅಂದರು. ಕ್ಷಮಿಸಿದೆ ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ, ನಾನೂ ಕೇಳಿಲ್ಲ.

ಹಬ್ಬದ ದಿನ ಪಂಕ್ತಿ ಕೂತ ಮೇಲೆ ಸೌಟು ಕೆಳಗಿಟ್ಟು ಹೇಳಿದೆ. ಚಿಕ್ಕತ್ತೆಯ ತುತ್ತು ಕೈಯಲ್ಲೇ ಉಳಿಯಿತು. “ಅಯ್ಯೋ ನಿನ್ನ... ಎಂಥಾ ಕೆಲ್ಸ ಮಾಡ್ಬುಟ್ಯೇ” ಅಂದರು. ಯಜಮಾನರು ಎಲೆ ಬಿಟ್ಟು ಏಳಲಿಲ್ಲ, ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ. ಈಗಲೂ ನನ್ನ ಜೊತೆ ಅವರದು ಎಷ್ಟು ಬೇಕೋ ಅಷ್ಟೇ ಮಾತು. ಮಗಳು ಊಟ ಮಾಡದೆ ಅಜ್ಜಿಯ ಪಕ್ಕ ಹೋಗಿ ಕೂತಳು. ಇದೆಲ್ಲ ನನಗೆ ಸಿಗಬೇಕಾದದ್ದೇ. ಅತ್ತೆಗೆ ಕೊಡಬೇಕಾದದ್ದನ್ನು ಮಾತ್ರ ಹೇಗೆ ಕೊಡಬೇಕೋ ತಿಳಿಯಲಿಲ್ಲ. ಹೇಳಿದರೆ ಸಾಕು, ಅವರಿಗೆ ಅವರ ಕೈ ವಾಪಸ್ ಬರುತ್ತದೆ ಅಂದುಕೊಂಡಿದ್ದೆ.

ಮೊನ್ನೆ ಅವರಾಗಿಯೇ ಅಡುಗೆಮನೆಗೆ ಬಂದರು. ಅವರೆಕಾಳು ಬಂದಿತ್ತು. “ಅತ್ಲಾಗೆ ಸರ್ಕೊಳ್ಳೇ” ಎಂದು ಒಲೆ ಮುಂದೆ ನಿಂತರು. ನನಗೆ ಹೋದ ಜೀವ ಬಂದಂತಾಯಿತು. ಕಾಳು ಬೇಯಿಸಿದರು, ಖಾರ ರುಬ್ಬಿ ಹಾಕಿದರು, ಉಪ್ಪು ಹಾಕಿದರು. ಹಬ್ಬವಲ್ಲ, ಎಡೆಯಲ್ಲ, ರುಚಿ ನೋಡಲು ಅಡ್ಡಿಯಿರಲಿಲ್ಲ. ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿದರು. ಇನ್ನೊಂದು ಸಲ ನೆಕ್ಕಿದರು. ಆಮೇಲೆ ಸೌಟನ್ನು ನನ್ನ ಕಡೆ ಚಾಚಿದರು.

“ಉಪ್ಪು ಸರಿಯಾಗೈತಾ ನೋಡೇ. ನಂಗೆ ಗೊತ್ತಾಯ್ತಿಲ್ಲ.”

ನೋಡಿದೆ. ಎಲ್ಲ ಹದವಾಗಿತ್ತು. ನಾನು ಇಷ್ಟು ವರ್ಷ ಅವರ ಒಲೆಯಲ್ಲಿ ಮಾಡಿದ ಯಾವ ಸಾರೂ ಹಾಗೆ ಬಂದಿಲ್ಲ.

“ಸರಿಯಾಗಿದೆ ಅತ್ತೆ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಪಂಕ್ತಿಯಲ್ಲಿ ಒಂದೇ ಮಾತಿಗೆ ನಂಬಿದ್ದವರು ಈಗ ಕಣ್ಣು ತೆಗೆಯದೆ ಹುಡುಕುತ್ತಿದ್ದರು. “ನಿಜ ಹೇಳ್ತಿದೀಯಾ?” ಅಂದರು.

“ನಿಜ ಅತ್ತೆ” ಅಂದೆ.

ಅವರು ಒಲೆ ಸಣ್ಣಗೆ ಮಾಡಿ, ನಡುಮನೆಯಲ್ಲಿ ಓದುತ್ತಾ ಕೂತಿದ್ದ ಮೊಮ್ಮಗಳನ್ನು ಕೂಗಿ ಕರೆದರು. ಅವಳ ಅಂಗೈಗೆ ಸಾರು ಬಿಟ್ಟು, ಅವಳು ರುಚಿ ನೋಡಿ “ಚೆನ್ನಾಗಿದೆ ಅಜ್ಜಿ” ಎಂದ ಮೇಲೆಯೇ ಒಲೆ ಆರಿಸಿದರು.