ಹನ್ನೊಂದು ಡ್ರೆಸ್ಸಿಂಗ್, ಹನ್ನೊಂದು ಊರು

೨೦೧೩ರಲ್ಲಿ ಅರಬ್ ನಾಡಿನ ನಜ್ರಾನ್‌ನ ಒಂದು ಆಸ್ಪತ್ರೆಯಲ್ಲಿ ನನ್ನ ಬಲಗೈಯ ಸುಟ್ಟ ಗಾಯಕ್ಕೆ ಹನ್ನೊಂದು ಸಲ ಡ್ರೆಸ್ಸಿಂಗ್ ಆಯಿತು. ಹನ್ನೊಂದನ್ನೂ ಮಾಡಿದವರು ಸರ್ಬಿಯಾದ ಒಬ್ಬ ನರ್ಸ್. ಎಡಗೈಯಲ್ಲಿ ಬರೆದ ಆ ದಿನಗಳ ಡೈರಿಯಲ್ಲಿ ತಾರೀಕಿನ ಮುಂದೆ ಒಂದೊಂದು ಊರಿನ ಹೆಸರಿದೆ.

ಅಂಟಿದ ಬಟ್ಟೆ ಬಿಡಿಸುವ ಮೊದಲು ಅವರು "ಯಲ್ಲಾ, ಹೊರಡೋಣ" ಎನ್ನುತ್ತಿದ್ದರು. ನಾನು ಕಟ್ಟಡದ ನಕ್ಷೆ ಬರೆಯುವವನೆಂದು ತಿಳಿದು, ನೋವು ಮರೆಸಲು ತಮ್ಮ ದೇಶದ ಊರುಗಳನ್ನು ಸುತ್ತಿಸುತ್ತಿದ್ದರು. ಲೆಸ್ಕೊವಾಟ್ಸ್ ಕಡೆಯ ಹಳ್ಳಿಗಳಲ್ಲಿ ಮನೆಗೋಡೆಯ ತುಂಬ ಕೆಂಪು ಮೆಣಸಿನ ಮಾಲೆ. ವರ್ಶಾಟ್ಸ್‌ನಲ್ಲಿ ದಿನಗಟ್ಟಲೆ ನಿಲ್ಲದ ಗಾಳಿ. ಪಿರೋತ್‌ನವರು ಎರಡು ಬದಿಯೂ ಒಂದೇ ಥರ ಕಾಣುವ ಜಮಖಾನ ನೇಯುತ್ತಾರೆ. ಆ ಊರವರ ಜಿಪುಣತನ ದೇಶಕ್ಕೆಲ್ಲ ತಮಾಷೆ.

ಪಕ್ಕದ ಮಂಚದಲ್ಲಿದ್ದ ಉಳ್ಳಾಲದವನು ಕೆಣಕುತ್ತಿದ್ದ: "ಇವತ್ತು ಎಂತ ಊರು ಮಾರಾಯ? ನೀನು ಬೊಬ್ಬೆ ಹಾಕದ್ದು ನೋಡಿದ್ರೆ ಭಾರೀ ದೂರದ್ದೇ ಇರ್ಬೇಕು!"

ಬೆರಳು ಮಡಚದಿದ್ದರೆ ನನಗೆ ಕೆಲಸವೂ ಇಲ್ಲ, ಆ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿಯೂ ಇಲ್ಲ. ಹನ್ನೊಂದನೆಯ ದಿನ ನರ್ಸ್ ಒಂದು ಹಾಳೆ, ಪೆನ್ಸಿಲ್ ಕೊಟ್ಟರು.

"ಇವತ್ತು ನೀನು ಕರೆದುಕೊಂಡು ಹೋಗು. ಸಾವಾ ನದಿ ಬರಿ. ಪಶ್ಚಿಮದಿಂದ ಬಂದು ಬೆಲ್‌ಗ್ರೇಡ್‌ನಲ್ಲಿ ಡ್ಯಾನ್ಯೂಬ್ ಸೇರುತ್ತೆ."

ಬೆರಳುಗಳು ಹೇಗೋ ಪೆನ್ಸಿಲ್ ಹಿಡಿದವು. ಆದರೆ ಅರ್ಧ ದಾರಿಯಲ್ಲಿ ಕೈ ನಡುಗಿ ಗೆರೆ ಪೂರ್ತಿ ಸೊಟ್ಟಗಾಯಿತು. ನಾನು ಪೆನ್ಸಿಲ್ ಕೆಳಗಿಟ್ಟೆ. "ಆಗಲ್ಲ ಸಿಸ್ಟರ್."

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗೆರೆ ಸೊಟ್ಟಗಾದಲ್ಲೇ ಒಂದು ಚುಕ್ಕಿ ಇಟ್ಟರು.

"ಶಾಬಾಟ್ಸ್ ಹತ್ತಿರ ಸಾವಾ ಹೀಗೇ ತಿರುಗುತ್ತೆ. ನಾನು ಹುಟ್ಟಿದ ಊರು." ಪೆನ್ಸಿಲನ್ನು ಮತ್ತೆ ನನ್ನ ಬೆರಳುಗಳ ನಡುವೆ ಸೇರಿಸಿದರು. "ಇಲ್ಲೇ ನಿಲ್ಲಬೇಡ. ಬೆಲ್‌ಗ್ರೇಡ್ ಇನ್ನೂ ಮುಂದಿದೆ."