ಬಾಯಾರಿಕೆಯ ಸಿಸ್ಟರ್

ಸುಗಂಧಿ ಸಿಸ್ಟರ್ ಯಾರನ್ನೂ "ಹೇಗಿದ್ದೀರಿ?" ಎಂದು ಕೇಳುತ್ತಿರಲಿಲ್ಲ. ಎದುರು ಬಂದು ನಿಂತು, ಕಿಸೆಯಿಂದ ಪುಟ್ಟ ಟಾರ್ಚ್ ತೆಗೆದು, "ನಾಲಗೆ ತೋರಿಸಿ ನೋಡುವ" ಎನ್ನುತ್ತಿದ್ದರು. ತೋರಿಸಿದರೆ, ಬೇಸಗೆಯಲ್ಲಿ ಬಾವಿಗೆ ಇಣುಕುವವರ ಹಾಗೆ ಬಗ್ಗಿ ನೋಡುತ್ತಿದ್ದರು. ಮೊದಮೊದಲು ಎಲ್ಲರಿಗೂ ನಾಚಿಕೆಯಾಗುತ್ತಿತ್ತು. ನನಗೆ ಮಾತ್ರ ಹೆದರಿಕೆ. ನಾಲಗೆಯಲ್ಲಿ ಹೊಸ ಕಾಯಿಲೆ ಏನೋ ಕಂಡಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ಗುಮಾನಿ.

ಹೆದರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಉಜಿರೆಯಲ್ಲಿ ನನ್ನದೊಂದು ಸಣ್ಣ ಹೋಟೆಲ್. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್. ಮೂತ್ರ ಹೋಗದ ದೇಹಕ್ಕೆ ಕುಡಿದ ನೀರೇ ಶತ್ರು. ಹೆಚ್ಚಾದರೆ ಕಾಲಿಗೆ ಇಳಿಯುತ್ತದೆ, ಮತ್ತೂ ಹೆಚ್ಚಾದರೆ ಶ್ವಾಸಕೋಶಕ್ಕೆ ತುಂಬುತ್ತದೆ. ಇಡೀ ದಿನಕ್ಕೆ ಒಂದು ಸಣ್ಣ ಬಾಟ್ಲಿ ನೀರು, ಅಷ್ಟೇ. ಕ್ಯಾಶಿನಲ್ಲಿ ಕೂತು, ಕಾಲೇಜು ಮಕ್ಕಳು ಗಟಗಟ ಕುಡಿದು ಅರ್ಧ ಗ್ಲಾಸು ನೀರು ಬಿಟ್ಟು ಹೋಗುವುದನ್ನು ನೋಡುವಾಗ ನನಗೆ ಅಳುವೇ ಬರುತ್ತಿತ್ತು. ಮಲಗಿದರೆ ಉಸಿರಿನ ಸದ್ದಿಗೆ ಕಿವಿಗೊಡುವುದೇ ಕೆಲಸ.

ಸಿಸ್ಟರ್ ಕೊಕ್ಕಡದ ಕಡೆಯವರು. ನರ್ಸಿಂಗ್ ಕಲಿತು, ಗಲ್ಫ್‌ನಲ್ಲಿ ದುಡಿದು, ಆ ಸಂಬಳ ಬಿಟ್ಟು ಬಂದು ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಗೆ ಸೇರಿಕೊಂಡಿದ್ದರು. ಕೆಲವು ದಿನ ಡಯಾಲಿಸಿಸ್ ಕೋಣೆಯ ಕೆಲಸ, ಉಳಿದ ದಿನ ಸಂಶೋಧನೆ. ನರ್ಸಿಗೆ ಎಂತ ಸಂಶೋಧನೆ ಎಂದು ನಮಗೆ ತಲೆಗೇ ಹೋಗುತ್ತಿರಲಿಲ್ಲ. ನನ್ನ ಪಕ್ಕದ ಮಂಚದ ಸಂಜೀವಣ್ಣ ಚಾರ್ಮಾಡಿಯವರು, ಬಾಯಿಗೆ ಬೀಗ ಇಲ್ಲದವರು. ಒಮ್ಮೆ ಕೇಳಿಯೇಬಿಟ್ಟರು: "ಅಲ್ಲ ಸಿಸ್ಟರ್, ರಿಸರ್ಚ್ ಎಲ್ಲ ಡಾಕ್ಟ್ರು ಮಾಡುವುದಲ್ವಾ? ನಿಮಗೆ ಯಾಕೆ ಈ ತಲೆಬಿಸಿ?"

"ಡಾಕ್ಟ್ರು ಕಿಡ್ನಿ ನೋಡ್ತಾರೆ ಸಂಜೀವಣ್ಣ, ನಾನು ಬಾಯಾರಿಕೆ ನೋಡ್ತೇನೆ. ನೀರು ಕುಡಿಯಬೇಡಿ, ಕುಡಿಯಬೇಡಿ ಅಂತ ನಾವೆಲ್ಲ ಹೇಳಿದ್ದೇ ಹೇಳಿದ್ದು. ಕುಡಿಯದೆ ಇರುವುದು ಹೇಗೆ ಅಂತ ಒಬ್ಬರಾದರೂ ಹೇಳಿಕೊಟ್ಟಿದ್ದಾರಾ?"

ಅಂದಿನಿಂದ ಅವರು ನಮಗೆ ‘ಬಾಯಾರಿಕೆಯ ಸಿಸ್ಟರ್’. ಹೆಸರು ಕಿವಿಗೆ ಬಿದ್ದಾಗ ಅವರೂ ನಕ್ಕರು.

ನನ್ನ ತೂಕ ಮಾತ್ರ ಪ್ರತಿ ಸಲವೂ ಏರಿಯೇ ಇರುತ್ತಿತ್ತು. ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ತೂಕ ಏರಿತೆಂದರೆ ಮೈಯಲ್ಲಿ ನೀರು ಸೇರಿತು ಎಂದರ್ಥ. ಡಾಕ್ಟರು ಬೈಯುತ್ತಿದ್ದರು. ದೇವರಾಣೆಗೂ ಹೆಚ್ಚು ಕುಡಿದಿಲ್ಲ ಎಂದರೆ ಯಾರು ನಂಬುತ್ತಾರೆ? "ನಾನೇ ಅಳೆದು ಕೊಡುವುದು ಸಿಸ್ಟರ್" ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಸಿಸ್ಟರ್ ಅವಳ ಬೆನ್ನು ತಟ್ಟಿ, "ನಾಳೆ ಮಧ್ಯಾಹ್ನ ನಿಮ್ಮಲ್ಲಿಗೆ ಊಟಕ್ಕೆ ಬರ್ತೇನೆ. ವಿಶೇಷ ಎಂತದೂ ಮಾಡ್ಬೇಡಿ ಅಕ್ಕ, ದಿನಾ ಮಾಡುವುದನ್ನೇ ಮಾಡಿ" ಎಂದರು.

ಬಂದರು. ಕುಚ್ಚಲಕ್ಕಿ ಗಂಜಿ, ಚಟ್ನಿ, ಒಂದು ಪಲ್ಯ. ನಾನು ಅನ್ನ ಉಂಡು, ಬಟ್ಟಲೆತ್ತಿ ಗಂಜಿಯ ತಿಳಿಯನ್ನು ಸೊರ್ರನೆ ಕುಡಿದು ಕೆಳಗಿಟ್ಟೆ. ಸಿಸ್ಟರ್ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಅದೆಂತ ಅಣ್ಣಾ ಕುಡಿದದ್ದು?"

"ಗಂಜಿ."

"ಅದು ನೀರಲ್ವಾ?"

"ನೀರಾ? ಅದು ಊಟ ಅಲ್ವಾ ಸಿಸ್ಟರ್!"

ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಹಣೆ ಚಚ್ಚಿಕೊಂಡರು. "ನೀರು ಎಷ್ಟು, ಚಾ ಎಷ್ಟು, ಜ್ಯೂಸ್ ಎಷ್ಟು ಅಂತ ನಾನು ಕೇಳಿದ್ದು. ಗಂಜಿ ಉಂಡೇ ಬೆಳೆದವಳು, ಗಂಜಿ ಕೇಳಲಿಕ್ಕೆ ನನಗೇ ಹೊಳೆಯಲಿಲ್ಲ ನೋಡಿ!" ಮರುದಿನ ಎಲ್ಲರನ್ನೂ ಕೇಳಿದರೆ ಹೆಚ್ಚಿನವರದೂ ಇದೇ ಕತೆ. ನನಗೆ ಅಂದಿನಿಂದ ಬಸಿದ ಅನ್ನ. ಕಾಲಿನ ಬಾವು ಇಳಿಯಿತು, ಹೆದರಿಕೆಯೂ ತುಸು ಇಳಿಯಿತು.

ಬಾಯಾರಿಕೆ ಇಳಿಯಬೇಕಲ್ಲ? ಅದಕ್ಕೆ ಸಿಸ್ಟರ್ ಒಂದು ಪ್ರಯೋಗ ಸುರು ಮಾಡಿದರು. ಲಿಂಬೆರಸ ಬೆರೆಸಿದ ಐಸಿನ ಚೂರು. ಬಾಯಿ ಒಣಗಿದಾಗ ಒಂದು ಚೀಪುವುದು. ಚೀಟಿ ಎತ್ತಿ, ಕೆಲವರಿಗೆ ಐಸು, ಕೆಲವರಿಗೆ ಎಂದಿನ ಬುದ್ಧಿಮಾತು ಮಾತ್ರ. ನನಗೂ ಸಂಜೀವಣ್ಣನಿಗೂ ಐಸು ಬಂತು. ಪ್ರತಿ ಸಲವೂ ಸಿಸ್ಟರ್ ಬಂದು "ಬಾಯಾರಿಕೆ ಹೇಗೆ ಉಂಟು?" ಎಂದು ಕೇಳುತ್ತಿದ್ದರು. ಅವರ ಮುಖದಲ್ಲಿನ ಆಸೆ ನೋಡಿದರೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. "ತುಂಬ ಕಡಿಮೆ ಆಗಿದೆ ಸಿಸ್ಟರ್" ಎಂದು ಎಲ್ಲರದೂ ಒಂದೇ ರಾಗ. ಅವರು ಆಚೆ ಹೋದ ಮೇಲೆ ಸಂಜೀವಣ್ಣ ಮೆಲ್ಲಗೆ ಹೇಳುತ್ತಿದ್ದರು: "ಪಾಪ ಮಾರಾಯ, ಅವರ ಪರೀಕ್ಷೆ. ನಾವೇ ಕೂತು ಫೇಲ್ ಮಾಡುವುದಾ?" ಸಂಜೀವಣ್ಣನ ತೂಕ ಏರುತ್ತಿತ್ತು. ಅದನ್ನು ಯಾರದೋ ಮದುವೆ ಊಟದ ತಲೆಗೆ ಕಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಮಗ ಅವರನ್ನು ಜೀಪಿನಲ್ಲಿ ತಂದ. ಮಲಗಲಿಕ್ಕಾಗದೆ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರು. ಶ್ವಾಸಕೋಶದ ತುಂಬ ನೀರು. ವೆಂಟಿಲೇಟರ್ ಬೇಕೆಂದು ಮಂಗಳೂರಿಗೆ ಕಳಿಸಿದರು. ಬಂಟ್ವಾಳ ದಾಟುವ ಮೊದಲೇ ಎಲ್ಲ ಮುಗಿದಿತ್ತು. ಆ ದಿನವಿಡೀ ನನ್ನ ಎದೆಯೂ ಕಟ್ಟಿದಂತೆಯೇ ಇತ್ತು. ಮುಂದಿನ ಸರದಿ ನನ್ನದೇ ಎಂದು ನಿಶ್ಚಯ ಮಾಡಿಕೊಂಡುಬಿಟ್ಟಿದ್ದೆ.

ತೀರಿಕೊಂಡವರ ಮನೆಗೆ ಹೋಗಿ ಬಂದ ಸಿಸ್ಟರ್ ನಮ್ಮ ಮಂಚಗಳ ನಡುವೆ ನಿಂತರು. "ಐಸಿನಿಂದ ಅವರಿಗೆ ಏನೂ ಪ್ರಯೋಜನ ಆಗ್ತಿರಲಿಲ್ಲವಂತೆ. ಕದ್ದು ನೀರು ಕುಡೀತಿದ್ದರಂತೆ. ನನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲವಂತೆ. ಇಲ್ಲಿ ಇನ್ನು ಯಾರೆಲ್ಲ ನನ್ನ ಖುಷಿಗೆ ಕಡಿಮೆ ಆಗಿದೆ ಅಂತ ಹೇಳಿದ್ದೀರಿ?"

ನಾನು ಕೈ ಎತ್ತಿದೆ. ಒಂದೊಂದೇ ಕೈ ಎದ್ದಿತು.

"ಪ್ರಯೋಜನ ಇಲ್ಲ ಅಂತ ಬರೆದರೂ ನನಗೆ ಡಿಗ್ರಿ ಸಿಗ್ತದೆ ಮಾರಾಯ್ರೇ!" ಎಂದರು ಸಿಸ್ಟರ್. "ನಿಮ್ಮ ತಪ್ಪಲ್ಲ. ನಾನೇ ಕೊಟ್ಟು ನಾನೇ ಕೇಳಬಾರದಿತ್ತು. ಕೊಟ್ಟವಳ ಮುಖ ನೋಡಿ ಯಾರು ಇಲ್ಲ ಅಂತಾರೆ?"

ಅಷ್ಟು ದಿನದ ಉತ್ತರಗಳು ನಂಬತಕ್ಕವಲ್ಲ ಎಂದು ಮೇಲಿನವರಿಗೆ ತಾವೇ ತಿಳಿಸಿ, ಮತ್ತೆ ಮೊದಲಿನಿಂದ ಸುರು ಮಾಡಿದರು. ಈ ಸಲ ಕೇಳಲು ಮೂಡುಬಿದಿರೆಯಿಂದ ಪರಿಚಯವಿಲ್ಲದ ಒಬ್ಬಳು ಹುಡುಗಿ ಬರುತ್ತಿದ್ದಳು. ಆಗೆಲ್ಲ ಸಿಸ್ಟರ್ ಹೊರಗೆ ಬೆಂಚಿನಲ್ಲಿ, ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಕೈ ಹೊಸೆಯುತ್ತ ಕೂತಿರುತ್ತಿದ್ದರು. ಗುರುತಿಲ್ಲದ ಹುಡುಗಿಯ ಹತ್ತಿರ ನಮಗೇನು ದಾಕ್ಷಿಣ್ಯ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಕೆಲವರಿಗೆ ಐಸಿನಿಂದ ಸ್ವಲ್ಪ ಸಹಾಯ, ಹೆಚ್ಚಿನವರಿಗೆ ಇಲ್ಲ. ಸಿಸ್ಟರ್ ಹಾಗೆಯೇ ಬರೆದರು. ತಡವಾಗಿಯಾದರೂ ಪಿಎಚ್.ಡಿ. ಬಂತು. ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ, ಸಂಶೋಧನೆಯನ್ನೇ ಮಾಡುವ ನರ್ಸ್ ಆಗಿ ಕೆಲಸವೂ ಸಿಕ್ಕಿತು.

ಕೊನೆಯ ದಿನ ನನ್ನ ಮಂಚದ ಹತ್ತಿರ ಬಂದಾಗ, ನಗುತ್ತಾ ಕಳಿಸಿಕೊಡಬೇಕು ಎಂದುಕೊಂಡಿದ್ದೆ. "ನಾನಿನ್ನು ಆರಾಮ ಸಿಸ್ಟರ್" ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಹೊರಗೆ ಬಂದದ್ದು ಬೇರೆ. "ಬಾಯಾರಿಕೆ ಮೊದಲಿನಷ್ಟೇ ಉಂಟು. ನೀವು ಹೋಗ್ತೀರಿ ಅಂತ ಗೊತ್ತಾದಲ್ಲಿಂದ ನಿದ್ರೆ ಇಲ್ಲ. ಸಂಜೀವಣ್ಣನ ಹಾಗೆ ಹೋಗ್ಲಿಕ್ಕೆ ನನಗೆ ಹೆದರಿಕೆ ಆಗ್ತದೆ."

ಸಿಸ್ಟರ್ ಸ್ಟೂಲ್ ಎಳೆದು ಕೂತರು. ಸಮಾಧಾನ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡು, ಕಣ್ಣು ತುಂಬಿಕೊಂಡು, "ಇದನ್ನು ಇನ್ನು ಬರುವ ಸಿಸ್ಟರ್ ಹತ್ತಿರವೂ ಹೀಗೆಯೇ ಹೇಳಬೇಕು ಅಣ್ಣಾ" ಎಂದರು.

ಈಗ ಬರುವ ಸಿಸ್ಟರ್ ನನ್ನ ಮಗಳ ಪ್ರಾಯದವಳು, ಒಳ್ಳೆಯವಳು. ತೂಕ ನೋಡಿ, ಸೂಜಿ ಚುಚ್ಚಿ, "ಆರಾಮ ಅಲ್ವಾ ಅಣ್ಣಾ?" ಎನ್ನುತ್ತಾಳೆ. "ಆರಾಮ ಇಲ್ಲ ಮಗಾ" ಎನ್ನುತ್ತೇನೆ. ಕೆಲವು ದಿನ ನಿಂತು ಕೇಳುತ್ತಾಳೆ. ಕೆಲವು ದಿನ ಅಷ್ಟರಲ್ಲಿ ಆಚೆ ಮಂಚದ ಮಿಷನ್ ಕೂಗಿಕೊಳ್ಳುತ್ತದೆ, ಅವಳು ಅತ್ತ ಓಡುತ್ತಾಳೆ.