ಬಟ್ಟೆಯ ಮೇಲಿನ ಲಕ್ಷ್ಮೀಶ

ಭಾಗೀರಥಿಯ ಗಂಡ ಲಕ್ಷ್ಮೀಶ ಕೋಲಾರದ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಅಲ್ಲಿಂದ ಸಿಡ್ನಿಯ ಆಚೆ, ದಕ್ಷಿಣದ ಕಲ್ಲಿದ್ದಲ ಗಣಿಗೆ ಬಂದ. ಸಿಡ್ನಿಯ ಕನ್ನಡದವರೆಲ್ಲ ಡಾಕ್ಟರುಗಳು, ಇಂಜಿನಿಯರುಗಳು. ಯುಗಾದಿ ಊಟದಲ್ಲಿ ಯಾರಾದರೂ ಕೇಳಿದರೆ ಮೈನಿಂಗ್‌ನಲ್ಲಿದ್ದೇನೆ ಎಂದಷ್ಟೇ ಹೇಳಿ ಎಲೆ ನೋಡುತ್ತಿದ್ದ. ಅವನ ಬನಿಯನ್ ಎಷ್ಟು ಕುಕ್ಕಿ ಒಗೆದರೂ ಬೆಳ್ಳಗಾಗಲಿಲ್ಲ.

ಎಂಬತ್ತೆಂಟನೇ ಇಸವಿಯಲ್ಲಿ ಗಣಿ ಮುಚ್ಚುತ್ತೇವೆಂದರು. ಮುಚ್ಚಬೇಡಿ ಎಂದು ಗಣಿಯ ಕಾರ್ಮಿಕರು ಸಿಡ್ನಿಯ ಪಾರ್ಲಿಮೆಂಟಿಗೆ ನಡೆದೇ ಹೋದರು. ಲಕ್ಷ್ಮೀಶನೂ ನಡೆದ. ದಾರಿಯಲ್ಲಿ ಮಳೆ ಹಿಡಿಯಿತು. ಇವನು ಸ್ನಾನದ ಟವೆಲನ್ನು ತಲೆಗೆ ಸುತ್ತಿಕೊಂಡ. ಗಣಿ ಮುಚ್ಚಿತು. ತೊಂಬತ್ತಮೂರರಲ್ಲಿ ಅವನೂ ತೀರಿಹೋದ. ಭಾಗೀರಥಿ ಮೆಲ್ಬರ್ನಿನಲ್ಲಿದ್ದ ಮಗಳು ಅಪರ್ಣಳ ಮನೆ ಸೇರಿದಳು. ಹೊತ್ತು ಹೋಗುತ್ತಿರಲಿಲ್ಲ.

ಮರುವರ್ಷ ಕೆವ್ ಫೋನ್ ಮಾಡಿದ. ಲಕ್ಷ್ಮೀಶನ ಜೊತೆ ಗಣಿಗಿಳಿಯುತ್ತಿದ್ದವನು, ಈಗ ಅವನೂ ಮೆಲ್ಬರ್ನಿನಲ್ಲಿದ್ದ. ಇಲ್ಲಿನ ಕಾರ್ಮಿಕರ ಯೂನಿಯನ್ ಹಾಲಿನಲ್ಲಿ ಜಿಲ್ ಎಂಬಾಕೆ ಆ ನಡಿಗೆಯ ಚಿತ್ರವನ್ನು ಗೋಡೆಯಷ್ಟು ದೊಡ್ಡ ಬಟ್ಟೆಯ ಮೇಲೆ ಬರೆಯುತ್ತಿದ್ದಾಳೆ, ಲಕ್ಷ್ಮೀಶ ಮುಂದಿನ ಸಾಲಿನಲ್ಲೇ ಇದ್ದಾನೆ ಎಂದ.

ತಾಯಿ ಮಗಳು ಹೋದರು. ಭಾಗೀರಥಿ ಸಾಲನ್ನೆಲ್ಲ ಹುಡುಕಿದಳು, ಗಂಡ ಕಾಣಲಿಲ್ಲ. ಕೆವ್ ಬೆರಳು ತೋರಿಸಿದ. ಅಲ್ಲಿ ಕಿತ್ತಳೆ ಬಣ್ಣದ ಪೇಟ, ಎದೆಯವರೆಗೆ ಗಡ್ಡ.

"ಇವ್ರ್ಯಾರೋ ಸರ್ದಾರ್ಜಿ. ನಿಮ್ಮಪ್ಪ ಅಲ್ಲ."

ಅಪರ್ಣ ಅದನ್ನು ಇಂಗ್ಲಿಷಿನಲ್ಲಿ ಮೆತ್ತಗೆ ಮಾಡಿ ಹೇಳಿದಳು. ಕೆವ್ ಒಪ್ಪಲಿಲ್ಲ. ಆ ಮಳೆಯಲ್ಲಿ ನಡೆದ ಪೇಟದ ಇಂಡಿಯನ್ ಎಂದರೆ ಗಣಿಯೂರಿನ ಪಬ್ಬಿನಲ್ಲಿ ಈಗಲೂ ಎಲ್ಲರಿಗೂ ಗೊತ್ತು, ತೆಗೆದರೆ ಯಾರೂ ಗುರುತಿಸುವುದಿಲ್ಲ ಎಂದ. ಪೇಟವಿದ್ದರೆ ಗಡ್ಡವೂ ಇರಬೇಕೆಂದು ಜಿಲ್ ತಾನೇ ಸೇರಿಸಿದ್ದಳಂತೆ. ಪಕ್ಕದಲ್ಲೇ ಕುಂಚ ಹಿಡಿದು ನಿಂತಿದ್ದ ಅವಳ ಮುಖ ಕೆಂಪಾಯಿತು.

"ಬಿಡಮ್ಮ, ಹಾಕಿದ್ದಾರಲ್ಲ. ಎಲ್ರಿಗೂ ಗೊತ್ತು ಅದು ಡ್ಯಾಡ್ ಅಂತ."

"ನಂಗೆ ಗೊತ್ತಾಗ್ಲಿಲ್ವಲ್ಲ."

ಹೊರಟು ಹೋಗಿಬಿಡೋಣ ಅನ್ನಿಸಿತು ಭಾಗೀರಥಿಗೆ. ಯುಗಾದಿ ಊಟದ ಸಾಲಿನಲ್ಲಿ ಇದ್ದೂ ಇಲ್ಲದವನಂತೆ ಕೂತವನು. ಈ ಬಟ್ಟೆಯ ಮೇಲಾದರೂ ಅವನೇ ಇರಲಿ. ಕುಂಚ ಒರೆಸುವ ಟವೆಲೊಂದನ್ನು ತೆಗೆದುಕೊಂಡು ಕೆವ್‌ನನ್ನು ಕೂರಿಸಿ ಅವನ ತಲೆಗೇ ಸುತ್ತಿದಳು. ತುದಿಯನ್ನು ಕಿವಿಯ ಮೇಲೆ ಸಿಕ್ಕಿಸಿದಳು. ತನ್ನ ಹೆಂಡತಿ ಇಷ್ಟು ಉಪಚಾರ ಎಂದೂ ಮಾಡಿಲ್ಲವೆಂದು ಕೆವ್ ನಕ್ಕ. ಆಮೇಲೆ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಟವೆಲಿನ ತುದಿ ಮುಟ್ಟಿದ. ಹೌದು, ಅವತ್ತು ಹೀಗೇ ಇತ್ತು ಎಂದ.

ಜಿಲ್ ಪೇಟ, ಗಡ್ಡ ಎರಡನ್ನೂ ಅಳಿಸಿದಳು. ಮುಖ ಬರಿದಾಯಿತು. ಫೋಟೋ ಇದೆಯೇ ಎಂದಳು. ಇದ್ದವೆಲ್ಲ ಇಸ್ತ್ರಿ ಅಂಗಿ ಹಾಕಿ ಎದುರಿಗೆ ನೋಡುತ್ತ ತೆಗೆಸಿಕೊಂಡವು. ಬಟ್ಟೆಯ ಮೇಲೆ ಅವನು ಪಕ್ಕಕ್ಕೆ ತಿರುಗಿ ನಡೆಯುತ್ತಿದ್ದ. ಭಾಗೀರಥಿ ಮಗಳನ್ನು ನೋಡಿದಳು.

"ನಿನ್ನ ಮೂಗು ಅವ್ರದ್ದೇ. ಅತ್ಲಾಗೆ ತಿರುಗಿ ಕೂತ್ಕೊ."

"ನಂಗೆ ಈ ಮೂಗು ಮೊದ್ಲಿಂದಲೂ ಇಷ್ಟ ಇಲ್ಲಮ್ಮ."

"ಇವತ್ತೊಂದಿನ ಇರ್ಲಿ."

ಅಪರ್ಣ ಕೂತಳು. ಜಿಲ್ ಪೆನ್ಸಿಲ್ ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಅಪರ್ಣಳ ಕಣ್ಣಿನಿಂದ ನೀರಿಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದವಳು, ಮುಖ ಅಲುಗಾಡುತ್ತದೆಂದು ಹಾಗೇ ಇಳಿಸಿದಳು.